ದೊಡ್ಡ ಗಾಡಿ

ಗುಳಿಗೆ ತರುತ್ತೇನೆಂದು ಹೋದ ಗಂಡ ಹೆಲ್ಮೆಟ್ ಅಂಗಡಿಗೆ ಹೊಕ್ಕದ್ದನ್ನು ಪದ್ಮಾವತಿ ಕಣ್ಣಾರೆ ಕಂಡಳು. ಔಷಧದ ಅಂಗಡಿ ರಸ್ತೆಯ ಆಚೆ ಬದಿಗಿತ್ತು. ದಾರಿ ತಪ್ಪಿ ಹೋದನೆಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಅವಳು ಸೆರಗು ಬಿಗಿದು ಹಿಂದೆಯೇ ನಡೆದು, ಬಾಗಿಲಲ್ಲಿ ತೂಗುಹಾಕಿದ್ದ ರೇನ್‌ಕೋಟುಗಳ ಮರೆಯಲ್ಲಿ ನಿಂತಳು.

ಮೂರು ತಿಂಗಳ ಹಿಂದೆ ಶಿವರಾಜ ಗುರುಗುಂಟಾದ ಹತ್ತಿರ ಕುರಿಹಿಂಡನ್ನು ತಪ್ಪಿಸಲು ಹೋಗಿ ಬೈಕಿನಿಂದ ಹಾರಿ ಬಿದ್ದಿದ್ದ. ಕುರಿಗಳಿಗೆ ಏನೂ ಆಗಲಿಲ್ಲ. ಇವನ ಭುಜದ ಎಲುಬಿಗೆ ಸ್ಟೀಲ್ ಪಟ್ಟಿ ಕೂತಿತು. ಅಂದಿನಿಂದ ಮಸ್ಕಿಯ ಮನೆಯಲ್ಲಿ ಅವನಿಗೆ ಅಂಗಿ ತೊಡಿಸುವುದು, ತುತ್ತು ಉಣಿಸುವುದು, ಮೀಸೆ ಕತ್ತರಿಸುವುದು ಎಲ್ಲ ಪದ್ಮಾವತಿಯ ಪಾಲಿಗೆ ಬಂತು. ಮೀಸೆ ಒಂದು ಬದಿಗೆ ಗಿಡ್ಡವಾದರೂ ಅವನು ತುಟಿಪಿಟಕ್ಕೆನ್ನಲಿಲ್ಲ. ಅದೇ ಹದದಲ್ಲಿ ಅವಳು ಬೈಕು ಮಾರಿಸಿದಳು. ಮಗಳ ತಲೆಯ ಮೇಲೆ ಕೈ ಇಡಿಸಿ, ಇನ್ನು ಬೈಕು ಮುಟ್ಟುವುದಿಲ್ಲವೆಂದು ಆಣೆಯನ್ನೂ ಮಾಡಿಸಿದಳು.

ಅರ್ಧ ಗಂಟೆಯ ಹಿಂದೆಯಷ್ಟೇ ಸಿಂಧನೂರಿನ ಡಾಕ್ಟರು, ಸೋಮವಾರದಿಂದ ಲಿಂಗಸುಗೂರಿನ ಕಚೇರಿಗೆ ಹೋಗಬಹುದು ಎಂದಿದ್ದರು. ಆದರೆ ಆ ಭುಜಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಕೈ ಮೇಲೇಳುವ ಭರವಸೆ ತಾವು ಕೊಡಲಾರೆವು ಎಂದೂ ಹೇಳಿದ್ದರು. ಪದ್ಮಾವತಿಗೆ ಕೇಳಿಸಿದ್ದು ಆ ಎರಡನೆಯ ಮಾತು ಮಾತ್ರ.

"ಯಾವ ಗಾಡೀರಿ ಸರ?" ಒಳಗೆ ಅಂಗಡಿಯ ಹುಸೇನಬಾಷಾ ಕೇಳುತ್ತಿದ್ದ.

"ದೊಡ್ಡ ಗಾಡಿ," ಎಂದ ಶಿವರಾಜ.

"ಹೊಸಾದೇನ್ರಿ?"

"ಎಲ್ಲೀದಪಾ, ಹಳೇದು. ಆದ್ರ ಸೌಂಡ್ ಭಾರಿ ಐತಿ. ಊರಾಗ ಬರೋದ್ರಾಗ ಎಲ್ಲಾರಿಗೂ ಗೊತ್ತಾಗತೈತಿ."

ರೇನ್‌ಕೋಟಿನ ಹಿಂದೆ ಪದ್ಮಾವತಿ ಹಲ್ಲು ಕಚ್ಚಿದಳು. ಸಣ್ಣ ಬೈಕು ಸಾಲದೆ ಗುಡುಗುಡು ಸದ್ದಿನದನ್ನೇ ಹಿಡಿದಿದ್ದಾನೆ.

"ಸ್ಪೀಡ್ ಎಷ್ಟು ಹೋಗ್ತೀರಿ?"

"ಅದು ನನ್ನ ಕೈಯಾಗಿಲ್ಲ."

ಹುಸೇನಬಾಷಾ ಗಂಭೀರನಾದ. ಭುಜಕ್ಕೆ ದಪ್ಪ ಮೆತ್ತೆಯಿರುವ ಜಾಕೆಟ್ ತೆಗೆದ. ಶಿವರಾಜ ಅದನ್ನು ತೊಟ್ಟು, ಎಡಗಡೆಯಿಂದ ಗುದ್ದು ಎಂದ, ಬಲಗಡೆಯಿಂದ ಗುದ್ದು ಎಂದ, ಹಿಂದಿನಿಂದ ನೂಕು ಎಂದ. ಹುಸೇನಬಾಷಾ ಅಳುಕುತ್ತಲೇ ಗುದ್ದಿದ.

"ನೀವು ನಾಕೂ ಕಡಿಂದ ಬೀಳ್ತೀರೇನ್ರಿ?"

"ನಾ ಬೀಳಂಗಿಲ್ಲ. ಮಂದಿ ಬೀಳ್ತಾರ."

ಪದ್ಮಾವತಿ ಒಂದು ರೇನ್‌ಕೋಟನ್ನು ತುಸು ಸರಿಸಿ ಇಣುಕಿದಳು. ತಾನು ಬಿದ್ದದ್ದು ಸಾಲದೆಂದು ಮಂದಿಯನ್ನೂ ಕೆಡವಲು ಹೊರಟಿದ್ದಾನೆ. ಅಷ್ಟರಲ್ಲಿ ಮೊಣಕೈ ಗಾರ್ಡು, ಮೊಣಕಾಲು ಗಾರ್ಡು ಬಂದವು. ಮುಂದೆ ಗಟ್ಟಿ ಕವಚವಿದ್ದ ಬೂಟು ಬಂತು. ಎಂಬತ್ತು ಕಿಲೋ ಭಾರ ಬೆರಳಿನ ಮೇಲೆ ಬಿದ್ದರೆ ತಡೆಯುತ್ತದೆಯೇ ಎಂದು ಶಿವರಾಜ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಹೆಲ್ಮೆಟ್ಟಿನ ಸರದಿಗೆ ಮಾತ್ರ ತಕರಾರು ತೆಗೆದ.

"ಇದು ಭಾಳ ದಪ್ಪ ಆತು. ಸಣ್ಣ ಸಂದಿನ್ಯಾಗ ತಲಿ ತೂರಬೇಕು."

"ಸಂದಿನ್ಯಾಗ ತೂರೋದು ಬ್ಯಾಡ್ರಿ ಸರ. ಹಂಗ ತೂರಿದಾವ್ರ ಆಸ್ಪತ್ರಿ ಸೇರ್ತಾರ."

"ತೂರಲಿಲ್ಲಂದ್ರ ಆಫೀಸ್ ಮುಟ್ಟಂಗಿಲ್ಲಪಾ."

"ಮನ್ಯಾಗ ಗೊತ್ತೈತೇನ್ರಿ?"

"ಮನ್ಯಾಕಿ ಮಾತು ಕೇಳೇ ಈ ಗಾಡಿ ಹತ್ತಾಕತ್ತೀನಿ," ಎಂದ ಶಿವರಾಜ, ನಿಟ್ಟುಸಿರು ಬಿಟ್ಟು.

ಇಷ್ಟು ದಪ್ಪ ಸುಳ್ಳನ್ನು ಪದ್ಮಾವತಿ ಹದಿನಾಲ್ಕು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ. ಅಲ್ಲೇ ಜಗಳ ತೆಗೆಯಬಹುದಿತ್ತು. ಆದರೆ ಗಾಡಿಯ ಸಮೇತ ಹಿಡಿಯದಿದ್ದರೆ ಅವನು ಮಾತಿನಲ್ಲಿ ಜಾರಿಕೊಳ್ಳುವ ಪೈಕಿ. ಅವಳು ಸುಮ್ಮನೆ ಹೊರಟುಹೋಗಿ ಔಷಧದ ಅಂಗಡಿಯ ಮುಂದೆ ನಿಂತಳು. ಅವನು ದೊಡ್ಡ ಚೀಲ ಹೊತ್ತು ಬಂದು, "ಡಾಕ್ಟರು ಬರದುಕೊಟ್ಟ ಪಟ್ಟಿ, ಬೆಲ್ಟು," ಎಂದ.

ಸೋಮವಾರ ಬೆಳಿಗ್ಗೆ ಅವಳು ತನ್ನ ಮತ್ತು ಮಗಳ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದಳು. ಅವನು ಆ ಗಾಡಿ ಹತ್ತಿದರೆ ಜವಳಗೇರಾದ ತವರುಮನೆಯೇ ಗತಿ ಎಂದು ತೀರ್ಮಾನಿಸಿದ್ದಳು. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಅವನು ಬಿದ್ದ ದಿನ ಆಸ್ಪತ್ರೆಯಿಂದ ಬಂದಂಥ ಫೋನನ್ನು ಇನ್ನೊಮ್ಮೆ ಎತ್ತುವ ಶಕ್ತಿ ಅವಳಲ್ಲಿರಲಿಲ್ಲ.

ಶಿವರಾಜ ಚೀಲ ಹಿಡಿದು ಮುಖ್ಯರಸ್ತೆಗೆ ನಡೆದ. ಅವಳು ಹಿಂದೆ ಹೋದಳು. ಅವನು ಹಂಪಣ್ಣನ ಚಹಾದಂಗಡಿಯ ಹಿಂದೆ ಹೋಗಿ, ಜಾಕೆಟ್, ಗಾರ್ಡು, ಬೂಟು, ಹೆಲ್ಮೆಟ್ ಎಲ್ಲ ಏರಿಸಿಕೊಂಡು ಹೊರಬಂದ. ಅಲ್ಲಿ ನಿಂತಿದ್ದವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ಪದ್ಮಾವತಿ ಎದುರಿಗೆ ಹೋಗಿ ನಿಂತಳು.

"ಗಾಡಿ ಎಲ್ಲಿ ಬಚ್ಚಿಟ್ಟೀರಿ?"

"ಬಚ್ಚಿಡಾಕ ಅದೇನು ಸೈಕಲ್ಲೇನು? ಬರಾಕತ್ತೈತಿ."

"ಯಾರು ತರಾಕತ್ತಾರ?"

"ದಿನಕ್ಕೊಬ್ಬ ತರ್ತಾನ. ಇವತ್ತ ಹೊನ್ನೂರಪ್ಪ ಅಂತ."

ಗೆಳೆಯರೆಲ್ಲ ಸೇರಿಯೇ ಹಾಳು ಮಾಡುತ್ತಿದ್ದಾರೆ ಎಂದುಕೊಂಡಳು. ಕಣ್ಣು ತುಂಬಿ ಬಂದವು.

"ಮಗಳ ಮ್ಯಾಲೆ ಆಣಿ ಮಾಡೀರಿ ನೀವು."

"ಆಣಿ ಮುರದಿಲ್ಲ ನಾ."

"ನೀವು ಆ ಗಾಡಿ ಹತ್ತಿದ್ರ ನಾ ತವರಿಗೆ ಹೊಂಟೆ, ನೋಡ್ರಿ."

"ಬೈಕ್ ಮಾರಿಸಿ ಇದನ್ನ ಹತ್ತು ಅಂದಾಕಿನೂ ನೀನ, ಬ್ಯಾಡ ಅನ್ನಾಕಿನೂ ನೀನ," ಎಂದ ಶಿವರಾಜ, ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತ. "ತುಸು ಬಾಜೂಕ ನಿಂದ್ರು. ಪೆಟ್ಟಾದೀತು ನಿನಗ."

ಎಂಟೂವರೆಯ ಲಿಂಗಸುಗೂರು ಬಸ್ಸು ಗಡಗಡ ಸದ್ದು ಮಾಡುತ್ತ ಬಂದು ನಿಂತಿತು. ಸುತ್ತಲಿದ್ದ ಅರವತ್ತು ಮಂದಿ ಒಮ್ಮೆಲೇ ಬಾಗಿಲಿಗೆ ಮುಗಿಬಿದ್ದರು. ಶಿವರಾಜ ಹೆಲ್ಮೆಟ್ಟಿನ ಗಾಜು ಇಳಿಸಿ ಅವರ ನಡುವೆ ತಲೆ ತೂರಿಸಿದ.