ಬಷೀರನ ಗಾದಿ

ಅಂದು ಬೆಳಿಗ್ಗೆ ಜತ್ತಿನ ಪೇಟೆಯ ಮೇಲೆ ಮಂಜು ಕವಿದಿತ್ತು. ಅಂಗಡಿಯ ಹೊರಗೆ ಚಪ್ಪಲಿ ಬಿಟ್ಟು ನಿಂತ ತರುಣನ ಮುಖ ಸಾವಿತ್ರೆವ್ವನಿಗೆ ಮೊದಲು ಕಾಣಲೇ ಇಲ್ಲ.

“ನಾ ಇಸಾಕರಿ, ಬಳೆಗಾರ ಬಷೀರನ ಮಗ. ಅಪ್ಪ ತೀರಿಹೋದ. ಅಂಗಡಿ ನಿಮಗ ಕೊಟ್ಟಾರಂತ ಕೇಳೀನಿ. ಅಪ್ಪನ ಗಾದಿ ಉಳಿದಿದ್ರ ಕೊಡ್ರಿ, ಒಯ್ತೀನಿ.”

ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ವರ್ಷ ವಿಜಾಪುರಕ್ಕೆ ಹೋದ ಬಷೀರ ತಿರುಗಿ ಬಂದಿರಲಿಲ್ಲ. ಮುಚ್ಚಿದ ಅಂಗಡಿಗಳಿಂದ ಪೇಟೆ ಸೊರಗಿತೆಂದು ಪಂಚಾಯತಿಯವರು ಅವನ್ನು ಬಿಸಿಲಲ್ಲಿ ಕುಳಿತು ಮಾರುವವರಿಗೆ ಬಿಟ್ಟಿದ್ದರು. ಸಾವಿತ್ರೆವ್ವನ ಖಾರ, ಅರಿಷಿಣದ ಬುಟ್ಟಿಗಳಿಗೆ ಹೀಗೆ ನೆರಳು ಸಿಕ್ಕಿತ್ತು. ಪಂಚಾಯತಿಯ ಗಡುವಿನೊಳಗೆ ಮಾಲಕರು ಬಾರದಿದ್ದರೆ ಅಂದು ಮಧ್ಯಾಹ್ನ ಅಂಗಡಿ ಅವಳ ಹೆಸರಿಗೇ ಆಗುವುದಿತ್ತು.

ಅವಳು ಒಳಗೆ ಕೈ ತೋರಿದಳು. ಗೋಡೆಗೆ ಹೊಂದಿ ಹಾಸಿದ್ದ ಗಾದಿಯ ಮೇಲೆ ಒಗೆದ ಬಿಳಿ ಬಟ್ಟೆ ಇತ್ತು. ಪಕ್ಕದ ಬರಿನೆಲದ ಮೇಲೆ ಅವಳ ಗೋಣಿತಟ್ಟು.

ಎಣ್ಣೆ ಅಂಗಡಿಯ ಮಲಕಾಜಪ್ಪ ಪಕ್ಕದಿಂದಲೇ ನಕ್ಕ. “ನೋಡಪಾ, ದಿನಾ ಆ ಗಾದಿಗೆ ಕೈ ಮುಗಿದು ತಾನು ನೆಲದಾಗ ಕುಂದರ್ತಾಳ. ಯಾವ ದೇವರು ಕುಂತಾನವಾ ಅಂದ್ರ, ಬರೋರು ಅದಾರ ಅಂತಾಳ!”

ಇಸಾಕ ಗಾದಿ ಎತ್ತಲು ಬಾಗಿದ.

“ಬಿಡಪಾ, ದುಡಿದು ಉಂಡವರ ಜಾಗ ಅದು, ಎತ್ತಬಾರದು,” ಎಂದಳು ಸಾವಿತ್ರೆವ್ವ. “ಕುಂದ್ರು.”

“ಮತ್ತ ನೀವೆಲ್ಲಿ ಕುಂದರ್ತೀರಿ, ಅವ್ವಾರ?”

“ಬಿಸಲು ನನಗೇನು ಹೊಸಾದಲ್ಲ,” ಎನ್ನುತ್ತ ಅವಳು ಸೆರಗಿನ ಗಂಟು ಬಿಚ್ಚಿದಳು. ಅಂಗಡಿಯ ಬೀಗದ ಕೈಯನ್ನು ವಿಭೂತಿಯ ಹಣೆಗೊಮ್ಮೆ ಮುಟ್ಟಿಸಿ, ಅವನ ಅಂಗೈಯಲ್ಲಿಟ್ಟಳು.