ನಮ್ಮನೆಯವರು

“ನಮ್ಮನೆಯವರು ಹೋಗ್ಬಿಟ್ರು” ಎಂದು ಅಜ್ಜಿ ಹೇಳಿದ್ದೇ ತಡ, ಪತ್ರಿಕೆಯ ನಿಧನ ವಾರ್ತೆಯ ಗುಮಾಸ್ತ ಫಾರಂನಲ್ಲಿ ‘ಪತಿ’ ಎಂದು ಗೀಚಿದ. ಆಕೆ ಮೇಜಿನ ಮೇಲಿಟ್ಟ ಫೋಟೊದಲ್ಲಿ ಕನ್ನಡಕದ ಹೆಂಗಸೊಬ್ಬರು ನಗುತ್ತಿದ್ದರು.

ತಬ್ಬಿಬ್ಬಾದ ಗುಮಾಸ್ತ ಮೇಜಿನ ಗಾಜಿನಡಿಯಲ್ಲಿದ್ದ, ಪತ್ರಿಕೆಯಲ್ಲಿ ಬಳಸಬೇಕಾದ ಪದಗಳ ಪಟ್ಟಿ ನೋಡಿದ. ಇಂಥ ಜೋಡಿಗಳನ್ನು ಪತ್ರಿಕೆ ಹಿಂದೆ ‘ವಿಕೃತರು’ ಎನ್ನುತ್ತಿತ್ತು. ಒಬ್ಬ ಸಂಪಾದಕರು ಅದಕ್ಕೆ ಕಾಟು ಹಾಕಿ ‘ಗೆಳತಿಯರು’ ಎಂದಿದ್ದರು. ಮುಂದಿನವರು ಅದಕ್ಕೂ ಕಾಟು ಹಾಕಿ ‘ಸಂಗಾತಿ’ ಎಂದಿದ್ದರು. ಗುಮಾಸ್ತ ಹಾಗೇ ಬರೆದು ತೋರಿಸಿದ.

“ಇದ್ಯಾರಪ್ಪ ಸಂಗಾತಿ?” ಅಜ್ಜಿ ಹುಬ್ಬು ಗಂಟಿಕ್ಕಿದರು. “ನಲವತ್ತು ವರ್ಷ ಜೊತೆಗಿದ್ದವರು. ನಮ್ಮನೆಯವರು ಅಂತಲೇ ಬರಿ.”

“ಓದೋರು ಗಂಡ ಅಂದ್ಕೊಳ್ತಾರಜ್ಜಿ!”

“ನೀನೂ ಅಂದ್ಕೊಂಡ್ಯಲ್ಲ, ಏನು ಮುಳುಗಿಹೋಯ್ತು?”

ಗುಮಾಸ್ತ ಪೆನ್ನೇನೋ ಎತ್ತಿದ. ಈ ಸಲ ಯಾವ ಪದಕ್ಕೆ ಕಾಟು ಹಾಕಬೇಕೆಂದು ಮಾತ್ರ ತಿಳಿಯಲಿಲ್ಲ.