ಒಪ್ಪಿಸಲಾಗದ ಬೀಗಗಳು

ಯುಗಾದಿ ಮುಗಿಯಿತೆಂದರೆ ಎಲ್ಲರೂ ಹಳೆಯ ಹವ್ಯಾಸವನ್ನು ಕಚೇರಿಗೆ ಒಪ್ಪಿಸಿ ಹೊಸದನ್ನು ತರಬೇಕು. ಮುರಿಗೆಪ್ಪ ಚೆಸ್ ಕೊಟ್ಟು ನಗುನಗುತ್ತಲೇ ಕೊಳಲು ತೆಗೆದುಕೊಂಡ. ಆಮೇಲೆ ಆಟಿಸಂ ಇರುವ ಅವನ ಅಕ್ಕ ಶಿವಲೀಲಾಳ ಸರದಿ. ಅವಳು ಒಪ್ಪಿಸಬೇಕಾದದ್ದು ಹಗಲೂ ರಾತ್ರಿ ಅವಳ ತಲೆಯಲ್ಲಿರುವ ಬೀಗಗಳನ್ನು. ಮುಷ್ಟಿ ಬಿಗಿದು ಕೂತಳು.

ಕಚೇರಿಯ ಮೇಡಂ ಹವ್ಯಾಸ ಹೀರುವ ಯಂತ್ರದ ನಳಿಗೆಯನ್ನು ಅವಳ ಹಣೆಗಿಟ್ಟು ಎಳೆದರು. ಬೀಗಗಳು ಬಂದವು. ಅವುಗಳ ಬೆನ್ನಿಗೇ ಅವಳ ಹಸಿವು ಬಂತು, ನಿದ್ದೆ ಬಂತು, ಮಾತೂ ಬರತೊಡಗಿತು.

"ನಿಲ್ಲಿಸ್ರೀ ಮೇಡಂ! ನಮ್ಮಕ್ಕನೇ ಹೊರಗ ಬರಾಕತ್ತಾಳ!" ಮುರಿಗೆಪ್ಪ ಕೂಗಿದ.

ಮೇಡಂ ಎಲ್ಲವನ್ನೂ ಅವಳೊಳಕ್ಕೇ ಮರಳಿಸಿ, ಕಡತದಲ್ಲಿ ಬರೆದರು: 'ಇದು ಹವ್ಯಾಸವಲ್ಲ. ಈಕೆಯನ್ನು ಮತ್ತೆಂದೂ ಇಲ್ಲಿಗೆ ಕರೆಯತಕ್ಕದ್ದಲ್ಲ.'

ಶಿವಲೀಲಾ ಕಣ್ಣು ಬಿಟ್ಟಳು. "ನಿಮ್ಮ ಮೇಜಿನ ಬೀಗದಾಗ ಚಾವಿ ತಿರುವಿದ್ರ ಏಳೋ ಐದು ಲಿವರ್ ಅದಾವ. ಮೊದಲಿಂದ ಹೇಳ್ಲೇನ್ರಿ?"

"ಹೇಳವ್ವ," ಎಂದರು ಮೇಡಂ.

ಸಾಲಿನಲ್ಲಿ ನಿಂತಿದ್ದವರೆಲ್ಲ ಪುರಾಣ ಕೇಳುವವರಂತೆ ನೆಲದ ಮೇಲೆ ಕೂತರು.